ತೊಡೆಯ ಮೇಲಿನ ಹಕ್ಕು

ಹೋದ ಭಾನುವಾರ ಸಜ್ಜೆಯ ಮೇಲಿನ ಹಳೇ ಸಾಮಾನು ಇಳಿಸುತ್ತಿದ್ದೆ. ಹಿಡಿ ಮುರಿದ ಕುಕ್ಕರಿನ ಹಿಂದೆ, ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಚೀಲ ಸಿಕ್ಕಿತು. ನೀಲಿ ಬಟ್ಟೆ, ನಾಲ್ಕು ಪಟ್ಟಿ, ಎರಡು ಬಕಲು, ಮಗುವಿನ ಕಾಲು ಇಳಿಬಿಡಲು ಎರಡು ಕಂಡಿ. ಕೆಳಗೆ ಸ್ಟೂಲು ಹಿಡಿದು ನಿಂತಿದ್ದ ನನ್ನ ಹೆಂಡತಿ ಸುಧಾ, "ಅದನ್ನ ಯಾರಿಗಾದ್ರೂ ಕೊಟ್ಬಿಡ್ರೀ. ಧನ್ಯಾನ ಇನ್ನೂ ಅದರೊಳಗೆ ತುರುಕ್ತೀರಾ?" ಎಂದಳು. ಧನ್ಯಾ ನಮ್ಮ ಮಗಳು. ಈಗ ಮೂರನೇ ಕ್ಲಾಸು. ಅವಳ ಒಂದು ಕಾಲೂ ಅದರಲ್ಲಿ ಹಿಡಿಯುವುದಿಲ್ಲ, ಒಪ್ಪಿದೆ. ಆದರೂ "ಕೊಡಲ್ಲ" ಎಂದೆ. "ಯಾಕೆ?" ಎಂದಳು. "ಕೊಡಲ್ಲ ಅಂದ್ರೆ ಕೊಡಲ್ಲ." ನಾನೇನೂ ಹಠಮಾರಿಯಲ್ಲ ಎಂದು ಇಲ್ಲಿ ಒಂದು ಸಾಲು ಬರೆಯಬೇಕೆಂದಿದ್ದೆ. ಇದನ್ನು ಸುಧಾಳೂ ಓದುತ್ತಾಳೆ, ಯಾಕೆ ಬೇಕು ಆ ಉಸಾಬರಿ.

ಆ ಚೀಲ ಕಟ್ಟಿಕೊಂಡು ನಾನು ಎರಡು ವರ್ಷ ಹಾಸನದಿಂದ ಗೊರೂರಿಗೆ ಬಸ್ಸಿನಲ್ಲಿ ಓಡಾಡಿದ್ದೇನೆ. ನನ್ನ ಗುಮಾಸ್ತಗಿರಿ ಗೊರೂರಿನಲ್ಲಿ, ಸುಧಾಳ ನರ್ಸ್ ಕೆಲಸ ಹಾಸನದ ಆಸ್ಪತ್ರೆಯಲ್ಲಿ. ಅವಳಿಗೆ ಬೆಳಗಿನ ಪಾಳಿ ಬಿದ್ದ ದಿನ ಮಗು ನನ್ನ ಪಾಲಿಗೆ. ಗೊರೂರಿನ ಕ್ವಾರ್ಟರ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿಯೊಬ್ಬರಿದ್ದರು. ಅವರ ಕೈಗೆ ಮುಟ್ಟಿಸುವ ತನಕ ಧನ್ಯಾ ನನ್ನ ಎದೆಗೆ ಅಂಟಿಕೊಂಡು, ನನ್ನ ಶರ್ಟಿನ ಗುಂಡಿ ಚೀಪುತ್ತ ಬರುತ್ತಿದ್ದಳು. ಮೊದಲ ದಿನ ಕಂಡಕ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾ, ಇದು ಲಗೇಜಾ ಪ್ಯಾಸೆಂಜರಾ?" ಎಂದ. ಪಕ್ಕದಲ್ಲಿದ್ದ ಹೆಂಗಸು ಲೊಚಗುಟ್ಟಿ, "ಪಾಪ, ತಾಯಿ ಇಲ್ವೇನಪ್ಪ?" ಎಂದರು. "ಇದ್ದಾಳೆ, ಡ್ಯೂಟಿಗೆ ಹೋಗಿದ್ದಾಳೆ" ಎಂದೆ. ತಾಯಿ ಸತ್ತಿದ್ದರೆ ಎಷ್ಟು ಕನಿಕರಪಡುತ್ತಿದ್ದರೋ ಅದರ ಎರಡರಷ್ಟು ಪಟ್ಟರು. ಆಮೇಲೆ ತಮ್ಮ ಗಂಟುಮೂಟೆ ಸರಿಸಿ, ಮಹಿಳೆಯರ ಸೀಟಿನಲ್ಲೇ ಜಾಗ ಮಾಡಿಕೊಟ್ಟು, "ಮಗ ಎತ್ಕಂಡಿದ್ರೆ ಎಂಗ್ಸು ಅಂತ್ಲೇ ಲೆಕ್ಕ. ಕೂತ್ಕಳಪ್ಪ" ಎಂದರು. ಇಪ್ಪತ್ತು ವರ್ಷದ ಸರ್ಕಾರಿ ನೌಕರಿಯಲ್ಲಿ ನನಗೆ ಸಿಕ್ಕ ಬಡ್ತಿ ಅದೊಂದೇ.

ಅದಕ್ಕೂ ಮೊದಲಿನ ಕತೆ ಹೇಳಬೇಕು. ಧನ್ಯಾ ಹುಟ್ಟಿದಾಗ ನಾನು ಹದಿನೈದು ದಿನದ ಪಿತೃತ್ವ ರಜೆಗೆ ಅರ್ಜಿ ಕೊಟ್ಟೆ. ನಮ್ಮ ಮೇಲಿನವರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು, "ಅಲ್ಲ ಸತೀಶ, ಹೆತ್ತೋಳು ಅವಳು. ನಿಂಗೆಲ್ಲಯ್ಯಾ ನೋವು?" ಎಂದು ಕೇಳಿದರು. ಇಡೀ ಸೆಕ್ಷನ್ನು ನಕ್ಕಿತು. ನಾನು ಕಾಯಿದೆ ಪುಸ್ತಕವನ್ನೇ ತಂದು ಅವರ ಮೇಜಿನ ಮೇಲೆ ಇಟ್ಟೆ. ರಜೆ ಸಿಕ್ಕಿತು, ಜೊತೆಗೆ "ಬಾಣಂತಿ" ಎಂಬ ಹೆಸರೂ ಸಿಕ್ಕಿತು. ಈಗಲೂ ಕ್ಯಾಂಟೀನಿನಲ್ಲಿ ಹಳಬರು ನನ್ನನ್ನು ಹಾಗೇ ಕರೆಯುತ್ತಾರೆ. ಕರೆಯಲಿ. ಬಾಣಂತಿತನ ಏನು ಕಳ್ಳತನವಾ?

ಲಸಿಕೆ ಹಾಕಿಸಲು ಹೋದರೆ ಅಲ್ಲಿನ ಪುಸ್ತಕದ ಹೆಸರೇ ತಾಯಿ ಕಾರ್ಡು. "ತಾಯೀನ ಕಳ್ಸಿ" ಎನ್ನುತ್ತಿದ್ದರು. ನಾನು ನಿಂತಲ್ಲಿಂದ ಕದಲುತ್ತಿರಲಿಲ್ಲ. ಹಾಗಂತ ನಾನು ಪರಿಣತ ಅಂದುಕೊಳ್ಳಬೇಡಿ. ಒಂದು ಸಲ ಲಂಗೋಟಿಯ ಬದಲು ಆತುರದಲ್ಲಿ ಆಫೀಸಿನ ಮೇಜು ಒರೆಸುವ ಬಟ್ಟೆ ಕಟ್ಟಿ ಮನೆಗೆ ತಂದಿದ್ದೆ. ಸುಧಾ ಅದನ್ನು ಬಿಚ್ಚಿ ನೋಡಿದ ಮುಖ ಇನ್ನೂ ಕಣ್ಣಿಗೆ ಕಟ್ಟಿದೆ.

ಇರಲಿ, ಇವೆಲ್ಲ ಹಾಸನದ ಮಾತು. ಆ ಚೀಲ ಕಟ್ಟಿಕೊಂಡು ನಾನು ನಮ್ಮೂರಿಗೆ, ಅರಕಲಗೂಡು ಕಡೆಯ ನಮ್ಮ ಹಳ್ಳಿಗೆ ಹೋದ ದಿನ ಬೇರೆಯದೇ ಕತೆ. ಅಪ್ಪ ಜಗಲಿಯ ಮೇಲೆ ಕೂತು ಬಿತ್ತನೆ ಆಲೂಗಡ್ಡೆ ಹೆಚ್ಚುತ್ತಿದ್ದರು. ನನ್ನನ್ನು ನೋಡಿದ್ದೇ ಕುಡುಗೋಲು ಕೆಳಗಿಟ್ಟು, ಮುಖ ಆ ಕಡೆ ತಿರುಗಿಸಿ, "ಲೇ, ಒಳೀಕ್ ಓಗ್ಲಾ ಮೊದ್ಲು" ಎಂದರು. ಮಗನ ಮೈಮೇಲೆ ಬಟ್ಟೆಯಿಲ್ಲದಿದ್ದರೆ ಹೇಗೆ ಹೇಳುತ್ತಿದ್ದರೋ ಹಾಗೆ ಹೇಳಿದರು.

ನಿಮ್ಮ ಕಡೆ ಹೇಗೋ ಗೊತ್ತಿಲ್ಲ. ನಮ್ಮ ಒಕ್ಕಲು ಮನೆಗಳಲ್ಲಿ ಒಂದು ಕಟ್ಟಳೆ ಇತ್ತು. ಗಂಡಸು ತನ್ನ ಅಪ್ಪನ ಎದುರಿಗೆ ತನ್ನ ಮಗುವನ್ನು ಎತ್ತಿಕೊಳ್ಳಬಾರದು. ಅಣ್ಣನ ಮಗುವನ್ನು ಎತ್ತಿಕೊಳ್ಳಬಹುದು, ಪಕ್ಕದ ಮನೆಯದನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ಮೆರೆಸಬಹುದು. ತಾನು ಹುಟ್ಟಿಸಿದ್ದನ್ನು ಮಾತ್ರ ಹಿರಿಯರ ಕಣ್ಣೆದುರು ಮುಟ್ಟಿದರೆ ನಾಚಿಕೆಗೇಡು. ಮಗು ಅಂಗಳದಲ್ಲಿ ಬಿದ್ದು ಅಳುತ್ತಿದ್ದರೂ ಅಪ್ಪನಾದವನು ಬೇರೆ ಯಾರನ್ನಾದರೂ ಕೂಗಬೇಕು.

ನನ್ನಪ್ಪನೂ ಈ ಕಟ್ಟಳೆಯಲ್ಲೇ ಅಪ್ಪನಾದವರು. ಆದರೆ ಅವರಿಗೂ ಆಸೆ ಇತ್ತೆಂದು ಅವ್ವ ಹೇಳುತ್ತಾಳೆ. ನಾನು ಏಳೆಂಟು ತಿಂಗಳಿನವನಿದ್ದಾಗ, ಮನೆಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅಪ್ಪ ನನ್ನನ್ನು ಕೊಟ್ಟಿಗೆಗೆ ಎತ್ತಿಕೊಂಡು ಹೋಗಿ ಮುದ್ದಾಡುತ್ತಿದ್ದರಂತೆ. ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ತಾತ ಕೆಮ್ಮಿದ್ದು ಕೇಳಿಸಿದೆ. ಅಪ್ಪ ದಿಕ್ಕು ತೋಚದೆ, ನನ್ನನ್ನು ದನಕ್ಕೆ ಹುಲ್ಲು ಹಾಕುವ ಗೋದಲಿಯೊಳಗೆ ಮಲಗಿಸಿ, ಮೇಲೆ ಒಂದು ಹಿಡಿ ಹುಲ್ಲು ಮುಚ್ಚಿ, ಕೈ ಕಟ್ಟಿಕೊಂಡು ನಿಂತುಬಿಟ್ಟರಂತೆ. ತಾತ ಬಂದು ಬೆಲೆ, ಬಿತ್ತನೆ, ಮಳೆ ಎಲ್ಲ ಮಾತಾಡಿ ಮುಗಿಸುವಷ್ಟರಲ್ಲಿ ಹಸು ನನ್ನ ಮೇಲಿನ ಹುಲ್ಲು ತಿಂದು ಮುಗಿಸಿ, ನನ್ನ ತಲೆ ನೆಕ್ಕಲು ಶುರುಮಾಡಿತ್ತು. ನಾನು ಕಿಟಾರನೆ ಕಿರುಚಿದೆ. ತಾತ ಗೋದಲಿ ನೋಡಿ, ಮಗನನ್ನು ನೋಡಿ, "ಇದ್ಯಾರ್ಲಾ ಇಲ್ಲಿ ಆಕ್ದೋರು?" ಎಂದರೆ ಅಪ್ಪ, "ಗೊತ್ತಿಲ್ಲ ಕಣಪ್ಪ" ಅಂದರಂತೆ. ನನ್ನ ಮುಂದಲೆಯಲ್ಲಿ ಕೂದಲು ಬೇಗ ಹೋಗಿದ್ದಕ್ಕೆ ಆ ಹಸುವೇ ಕಾರಣ ಅಂತ ಅವ್ವನ ವಾದ.

ನಗು ಬರುತ್ತದೆ, ಬರಲಿ. ನನಗೆ ಸಿಟ್ಟೂ ಬರುತ್ತದೆ. ಅಷ್ಟು ಆಸೆ ಇಟ್ಟುಕೊಂಡಿದ್ದ ಮನುಷ್ಯ ತನ್ನ ಕೂಸನ್ನೇ ಗೊತ್ತಿಲ್ಲ ಅನ್ನಬೇಕಾಯಿತಲ್ಲ, ಅದು ಯಾವ ಸೀಮೆ ಮರ್ಯಾದೆ? ಹೆಸರಿನ ಹಿಂದೆ ಅಪ್ಪ, ಗೋತ್ರಕ್ಕೆ ಅಪ್ಪ, ಪಹಣಿಗೆ ಅಪ್ಪ, ಶಾಲೆಯ ಅರ್ಜಿಗೆ ಅಪ್ಪ. ಮಗುವಿಗೆ ಐದು ತುಂಬುವವರೆಗೆ ಅದು ಸಾಮಾನ್ಯವಾಗಿ ತಾಯಿ ಬಳಿ ಇರತಕ್ಕದ್ದು, ಆದರೆ ಸಹಜ ಪೋಷಕ ಮಾತ್ರ ಅಪ್ಪನೇ ಎಂದು ಕಾನೂನು ಪುಸ್ತಕದಲ್ಲೂ ಬರೆದಿದೆಯಂತೆ. ವಕೀಲರೊಬ್ಬರು ಹೇಳಿದರು. ಅಂದರೆ ಎಲ್ಲರೂ ಸೇರಿ ಅಪ್ಪನಿಗೆ ಕಾಗದವನ್ನೆಲ್ಲ ಕೊಟ್ಟಿದ್ದಾರೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಹಕ್ಕನ್ನು ಯಾರೂ ಕೊಟ್ಟಿಲ್ಲ.

ತೊಡೆಯ ಹಕ್ಕು ನಮ್ಮಲ್ಲಿ ಸೋದರಮಾವನದು. ಕಿವಿ ಚುಚ್ಚುವಾಗ ಮಗು ತಾಯಿಯ ಅಣ್ಣನದೋ ತಮ್ಮನದೋ ತೊಡೆಯ ಮೇಲೆಯೇ ಕೂರಬೇಕು. ಓಲೆ ತರುವವನೂ ಅವನೇ, ಹೊಸ ಬಟ್ಟೆ ತರುವವನೂ ಅವನೇ. ಅಪ್ಪ ಆ ಹೊತ್ತಿನಲ್ಲಿ ಅಡುಗೆ ಭಟ್ಟರ ಜೊತೆ ಸಾರಿಗೆ ಉಪ್ಪು ಸಾಕಾ ಅಂತ ಚರ್ಚೆ ಮಾಡಿಕೊಂಡಿರಬೇಕು. ನನಗೆ ಇದರ ಮೇಲೆ ತಕರಾರಿರಲಿಲ್ಲ. ಹೆಣ್ಣಿನ ತವರಿಗೆ ಒಂದು ಗೌರವ, ಚೆನ್ನಾಗಿಯೇ ಇದೆ. ಆ ತೊಡೆಯನ್ನು ಒಬ್ಬ ವ್ಯಾಪಾರಕ್ಕೆ ಇಟ್ಟಾಗ ನನಗೆ ತಲೆ ಕೆಟ್ಟಿತು.

ಸುಧಾಳ ತವರು ಹಳ್ಳಿಮೈಸೂರು ಹತ್ತಿರ. ಅವಳ ತಮ್ಮ ಲೋಕೇಶ, ನನ್ನ ಭಾಮೈದ. ಅವರಪ್ಪ, ಅಂದರೆ ನನ್ನ ಮಾವ, ಮಾತು ಕಡಿಮೆಯ ಮನುಷ್ಯ. ಹುಡುಗಿಗೆ ನರ್ಸಿಂಗ್ ಯಾಕೆ ಎಂದು ಕೇರಿಯೆಲ್ಲ ಮೂಗು ಮುರಿದಾಗ, ಬೆಳಿಗ್ಗೆ ಹಾಲು ಹಾಕಿ ಬಂದು, ಅದೇ ಸೈಕಲ್ಲಿನಲ್ಲಿ ಅವಳನ್ನು ದಿನಾ ಬಸ್ಸಿಗೆ ಬಿಟ್ಟು ಬಂದವರು. ಮದುವೆಯಾದ ಮೇಲೂ ಅವರೆಕಾಯಿ ಕಾಲದಲ್ಲಿ ಒಂದು ಚೀಲ ಹೊತ್ತು ಹಾಸನಕ್ಕೆ ಬರುತ್ತಿದ್ದರು. ಕಾಫಿ ಕುಡಿದು, ಹೆಚ್ಚೆಂದರೆ ನಾಲ್ಕು ಮಾತಾಡಿ, ಬಂದ ಬಸ್ಸಿಗೇ ವಾಪಸ್ಸು ಹೋಗುತ್ತಿದ್ದರು. ಸುಧಾಳಿಗೆ ಅಪ್ಪ ಅಂದರೆ ಪ್ರಾಣ.

ಒಂದು ದಿನ ಲೋಕೇಶ ಅಕ್ಕನನ್ನು ಹೊಳೆನರಸೀಪುರಕ್ಕೆ ಕರೆಸಿಕೊಂಡ. ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಒಂದು ರೇಷ್ಮೆ ಸೀರೆ, ಅರಿಶಿನ ಕುಂಕುಮ, ಬಾಳೆಹಣ್ಣಿನ ಸಮೇತ ನಿಂತಿದ್ದ. "ಅಕ್ಕಾ, ಒಂದ್ ಸೈನ್ ಅಷ್ಟೇಯ" ಎಂದ. ಸುಧಾ ಆಸ್ಪತ್ರೆಯಲ್ಲಿ ದಿನಾ ಜನರಿಂದ ಸಹಿ ಹಾಕಿಸುವವಳು. ಓದಿ ಹಾಕಿ, ಓದಿ ಹಾಕಿ ಎಂದು ಹೇಳಿ ಹೇಳಿ ಅವಳ ಬಾಯಿ ನೋಯುತ್ತದೆ. ಅವಳು ಕಾಗದ ಓದಿದಳು. ಪಿತ್ರಾರ್ಜಿತ ಜಮೀನಿನ ಮೇಲಿನ ತನ್ನ ಹಕ್ಕನ್ನೆಲ್ಲ ಸಂತೋಷದಿಂದ ಬಿಟ್ಟುಕೊಟ್ಟಿದ್ದೇನೆ ಎಂದು ಬರೆದಿತ್ತು. "ಸಂತೋಷ ಯಾರದು?" ಎಂದು ಕೇಳಿ, ಪೆನ್ನು ಕೆಳಗಿಟ್ಟು, ಬಸ್ಸು ಹತ್ತಿದಳು. ಕಾನೂನು ಬದಲಾಗಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ ಎಂಬುದು ಅವಳಿಗೆ ಗೊತ್ತಿತ್ತು. ಲೋಕೇಶ ಜಮೀನನ್ನೆಲ್ಲ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಓಡಾಡುತ್ತಿದ್ದಾನೆ ಎಂದು ತಿಳಿದ ಮೇಲೆ ಪಾಲಿಗೆ ದಾವೆ ಹಾಕಿದಳು.

ಆ ದಾವೆಯಲ್ಲಿ ಒಂದನೇ ಪ್ರತಿವಾದಿ ಅವಳ ಅಪ್ಪ. ಅದನ್ನು ಓದಿ ವಕೀಲರ ಎದುರು ಅವಳು ಗೊಳೋ ಎಂದು ಅತ್ತಳು. "ಅಪ್ಪನ ಹೆಸರು ಮೊದಲು ಯಾಕೆ ಬರೆದ್ರಿ?" ಎಂದರೆ ಅವರು ಗಾಬರಿಯಾಗಿ, "ಮನೆ ಯಜಮಾನ್ರಲ್ವೇನಮ್ಮ, ಮರ್ಯಾದೆ" ಎಂದರು. ಅಂದಿನಿಂದ ಮಾವ ನಮ್ಮ ಮನೆಗೆ ಬರಲಿಲ್ಲ. ಲೋಕೇಶನ ಮನೆಯಲ್ಲಿ ಇದ್ದುಕೊಂಡು ಬರುವುದಾದರೂ ಹೇಗೆ? ಹೊಳೆನರಸೀಪುರದ ಕೋರ್ಟಿನ ವರಾಂಡದಲ್ಲಿ ಅಪ್ಪ ಮಗಳು ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂರುತ್ತಿದ್ದರು. ಸುಧಾ ಟೀ ತರಿಸಿ ಕಳಿಸಿದರೆ ಅವರು ಮುಟ್ಟುತ್ತಿರಲಿಲ್ಲ. ಲೋಟ ಹಾಗೇ ಆರಿ ಕೆನೆ ಕಟ್ಟುತ್ತಿತ್ತು. ಆ ಕೇಸು ಈಗಲೂ ಇದೆ, ತಾರೀಖಿನ ಮೇಲೆ ತಾರೀಖು.

ಇಲ್ಲಿ ನಾನು ದೊಡ್ಡ ಸಾಚಾ ಮನುಷ್ಯನ ಹಾಗೆ ಕಾಣುತ್ತಿದ್ದರೆ ಸ್ವಲ್ಪ ತಡೆಯಿರಿ. ದಾವೆ ಹಾಕಿದ ದಿನ ನಾನು ನ್ಯಾಯ, ಸಮಾನತೆ ಎಂದು ಭಾಷಣ ಬಿಗಿಯುತ್ತಿದ್ದೆ. ಸುಧಾ ಚಪಾತಿ ಲಟ್ಟಿಸುತ್ತ, ತಲೆ ಎತ್ತದೆ, "ನಿಮ್ಮಕ್ಕನ ಕೈಲಿ ಸೈನ್ ಹಾಕಿಸಿದ್ದು ಯಾರು?" ಎಂದಳು. ನಮ್ಮಕ್ಕ ಚನ್ನರಾಯಪಟ್ಟಣದಲ್ಲಿದ್ದಾಳೆ. ಅವಳನ್ನು ನನ್ನ ಬೈಕಿನ ಮೇಲೆ ಕೂರಿಸಿಕೊಂಡು ಹೋಗಿ ಇಂಥದೇ ಕಾಗದಕ್ಕೆ ಸಹಿ ಹಾಕಿಸಿ ತಂದವನು ನಾನೇ. ದಾರಿಯಲ್ಲಿ ಮಸಾಲೆ ದೋಸೆ ಕೊಡಿಸಿದ್ದೆ, ಅದೇ ಅವಳ ಪಾಲು. ಮಾರನೇ ವಾರ ಹೋಗಿ, "ಅಕ್ಕ, ನಿನ್ನ ಭಾಗ ನಿಂಗೆ ಬರ್ಕೊಡ್ತೀನಿ" ಎಂದರೆ ಅವಳು, "ಈಗ ಗ್ಯಾನ ಬಂತೇನ್ಲಾ? ಕೂತ್ಕ, ಮುದ್ದೆ ಉಣ್ಣು" ಎಂದಳು. ಬರೆದುಕೊಟ್ಟೆ. ಅಪ್ಪ ನನ್ನ ಜೊತೆ ಮೂರು ತಿಂಗಳು ಮಾತು ಬಿಟ್ಟರು. ತಪ್ಪು ತಿದ್ದಿಕೊಂಡೆ ಎಂದು ಬೀಗುತ್ತಿಲ್ಲ, ಹೆಂಡತಿ ಕೇಳದಿದ್ದರೆ ತಿದ್ದಿಕೊಳ್ಳುತ್ತಿರಲಿಲ್ಲ ಎಂದು ಒಪ್ಪಿಕೊಳ್ಳುತ್ತಿದ್ದೇನೆ.

ಧನ್ಯಾಳಿಗೆ ಮೂರು ತುಂಬುವುದರೊಳಗೆ ಕಿವಿ ಚುಚ್ಚಿಸಬೇಕು ಎಂದು ಅವ್ವ ಹಟ ಹಿಡಿದಳು. ಸುಧಾಳ ಆಸ್ಪತ್ರೆಯಲ್ಲೇ ಎರಡು ನಿಮಿಷದ ಕೆಲಸ ಅದು. ಟಪ್ ಅಂದರೆ ಮುಗಿಯಿತು. ನಾನು ಹಾಗೇ ಮಾಡೋಣ ಎಂದೆ. ಸುಧಾ ಬೇಡವೆಂದಳು. "ನಮ್ಮ ದೇವರ ಮುಂದೆ, ಎಲ್ಲರ ಮುಂದೆ ಆಗಲಿ. ನಾವೇನು ಕದ್ದಿದ್ದೀವಾ?" ಎಂದಳು. ಅವಳು ಆ ಮಾತು ಹೇಳಿದ ಮೇಲೆ ನನಗೂ ಮೈ ಬಿಸಿಯಾಯಿತು. ಹೌದಲ್ಲ, ದೇವರು ನಮ್ಮ ಮನೆಯವನು, ನಾವ್ಯಾಕೆ ಅವನನ್ನು ಬಿಟ್ಟು ಓಡಬೇಕು?

ಶಾಸ್ತ್ರಕ್ಕೆ ಒಂದು ವಾರ ಇದ್ದಾಗ ಲೋಕೇಶ ಹಾಸನದ ನಮ್ಮ ಮನೆಗೆ ಬಂದ. ಸೋಫಾದ ಮೇಲೆ ಕೂತು, ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದು ಟೀಪಾಯಿ ಮೇಲಿಟ್ಟ. ಚಿನ್ನದ ಓಲೆ. ಇನ್ನೊಂದು ಜೇಬಿನಿಂದ ಮಡಿಸಿದ ಕಾಗದ ತೆಗೆದು ಅದರ ಪಕ್ಕ ಇಟ್ಟ. ದಾವೆ ವಾಪಸ್ಸು ಪಡೆಯುವ ಅರ್ಜಿ.

"ಭಾವ, ನಾನೇನು ಬರಲ್ಲ ಅಂತಿಲ್ಲ. ಅಕ್ಕ ಇದ್ಕೊಂದು ಸೈನ್ ಆಕ್ಬುಟ್ರೆ ನಾನು ಬತ್ತೀನಿ, ಕೂತ್ಕತೀನಿ, ಮಗೀಗೆ ಓಲೆ ಆಕುಸ್ತೀನಿ. ಇಲ್ದಿದ್ರೆ ಆ ಮಗೀಗೆ ಮಾವ ಇಲ್ಲ ಅಂದ್ಕಳಿ."

"ಅಪ್ಪ ಏನಂದ?" ಎಂದು ಸುಧಾ ಕೇಳಿದಳು.

"ಅಪ್ಪ ಏನಂತದೆ? ನಾನ್ ಏಳ್ದಂಗೆ."

ಸುಧಾ ಡಬ್ಬಿಯನ್ನೂ ಮುಟ್ಟಲಿಲ್ಲ, ಕಾಗದವನ್ನೂ ಮುಟ್ಟಲಿಲ್ಲ. ಅವನು ಎರಡನ್ನೂ ಜೇಬಿಗೆ ಹಾಕಿಕೊಂಡು ಎದ್ದು ಹೋದ. ಆಮೇಲೆ ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಬಹಳ ಹೊತ್ತು ನಿಂತಿದ್ದಳು. ನಾನು ಹೋಗಿ ನಲ್ಲಿ ನಿಲ್ಲಿಸಿದೆ. "ಜಮೀನು ಹೋಗ್ಲಿ ಅನ್ಸುತ್ತೆ ಕಣ್ರೀ ಒಂದೊಂದ್ಸಲ. ಅಪ್ಪ ಒಂದು ಸಲ ನಮ್ಮನೆಗೆ ಬಂದು ಕಾಫಿ ಕುಡಿದ್ರೆ ಸಾಕು" ಎಂದಳು. ಜಮೀನು ಅವಳದು, ಅಪ್ಪನೂ ಅವಳವರು. ಸಹಿ ಹಾಕು ಅನ್ನಲೂ ಹಾಕಬೇಡ ಅನ್ನಲೂ ನಾನ್ಯಾರು? "ತೊಡೆ ಬೇಕಲ್ವಾ, ನನ್ನ ಹತ್ರ ಎರಡಿವೆ. ನಾನು ಕೂತ್ಕೋತೀನಿ. ಬಾಕಿದ್ದು ನೀನು ನೋಡ್ಕೊ" ಎಂದೆ.

ಊರಿಗೆ ಸುದ್ದಿ ಮುಟ್ಟಿತು. ಅಪ್ಪ ಫೋನು ಮಾಡಿ, "ನಿನ್ ಎಂಡ್ರಿಗೆ ಏಳ್ಲಾ, ಕೇಸು ವಾಪಸ್ ತಗಳಕ್ಕೆ. ಇಲ್ದಿದ್ರೆ ಚನ್ನರಾಯಪಟ್ಟಣದಲ್ಲಿ ಅವಳ ದೊಡ್ಡಪ್ಪನ ಮಗ ಒಬ್ಬ ಅವ್ನಲ್ಲ, ಅವ್ನ ಕರ್ಸು. ನೀನ್ ಕೂತ್ಕಂಡ್ರೆ ನಾನು ಗುಡಿ ಮೆಟ್ಲು ಅತ್ತಕಿಲ್ಲ" ಎಂದರು. ಬಾಡಿಗೆ ಮಾವ! ಶಾಮಿಯಾನ, ಪಾತ್ರೆ, ಕುರ್ಚಿ, ಜೊತೆಗೆ ಒಬ್ಬ ಮಾವ. ನಾನು ಆಗಲ್ಲ ಎಂದೆ. ಅವ್ವ ಫೋನು ಕಿತ್ತುಕೊಂಡು ಮೆತ್ತಗೆ, "ಮಗಾ, ಅಪ್ಪ ಆದೋನು ಕೂತ್ರೆ ನೋಡ್ದೋರು ಏನಂದ್ಕತಾರೆ? ತಾಯಿ ತವ್ರು ಅಳಿಸೋಯ್ತು, ಯಾರೂ ಉಳೀನಿಲ್ಲ ಅಂತ ತಾನೆ? ಆ ಎಣ್ಮಗೀಗೆ ಎಂಗಾಗ್ಬೇಡ?" ಎಂದಳು. ಫೋನು ಸ್ಪೀಕರಿನಲ್ಲಿತ್ತು. ಸುಧಾ ಕೇಳಿಸಿಕೊಂಡಳು. ಆ ವಾರವೆಲ್ಲ ಅವಳು ಸರಿಯಾಗಿ ಊಟ ಮಾಡಲಿಲ್ಲ.

ಶಾಸ್ತ್ರದ ದಿನ ಬೆಳಿಗ್ಗೆ ನಮ್ಮ ಮನೆದೇವರ ಗುಡಿಯ ಅಂಗಳದಲ್ಲಿ ಐವತ್ತು ಅರವತ್ತು ಜನ ಸೇರಿದ್ದರು. ಅಪ್ಪ ಮಾತು ಉಳಿಸಿಕೊಂಡು ಮೆಟ್ಟಿಲ ಕೆಳಗೇ ನಿಂತಿದ್ದರು, ಆದರೆ ಎಲ್ಲ ಕಾಣುವ ಜಾಗ ನೋಡಿ ನಿಂತಿದ್ದರು. ಕಿವಿ ಚುಚ್ಚುವ ಆಚಾರಿ ಚಿನ್ನದ ತಂತಿಯನ್ನು ತುಪ್ಪದಲ್ಲಿ ಅದ್ದಿಟ್ಟುಕೊಂಡು, "ಮಾವನಾದೋರು ಬರ್ಬೇಕು" ಎಂದು ಕೂಗಿದರು.

ಆಗ ಒಂದು ಕಾರು ಬಂದು ನಿಂತಿತು. ಲೋಕೇಶ ಇಳಿದ. ಹಿಂದಿನ ಬಾಗಿಲಿನಿಂದ ನನ್ನ ಮಾವ ಇಳಿದರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ. ಸುಧಾ, "ಅಪ್ಪ ಬಂದ" ಎಂದಳು. ಎಷ್ಟು ಮೆತ್ತಗೆ ಎಂದರೆ ನನಗೆ ಮಾತ್ರ ಕೇಳಿಸಿತು. ಲೋಕೇಶ ಎಲ್ಲರಿಗೂ ಕೈ ಮುಗಿಯುತ್ತ ಬಂದು, ಅಕ್ಕನ ಮುಂದೆ ಓಲೆಯ ಡಬ್ಬಿ ತೆರೆದು, ಅದರ ಕೆಳಗೇ ಕಾಗದ ಹಿಡಿದು, ಪೆನ್ನನ್ನೂ ಚಾಚಿದ. "ನೋಡಕ್ಕಾ, ಅಪ್ಪನ್ನೂ ಕರ್ಕಂಡೇ ಬಂದಿವ್ನಿ. ಒಂದೇ ಒಂದು ಸೈನು. ಜನ ಎಲ್ಲಾ ಕಾಯ್ತಾವ್ರೆ."

ಹೆಂಗಸೊಬ್ಬರು, "ಆಕ್ಬುಡವ್ವ, ಒಳ್ಳೆ ಕೆಲ್ಸದೊತ್ತು" ಎಂದರು. ಇನ್ನೊಬ್ಬರು ಹೂಂಗುಟ್ಟಿದರು. ಸುಧಾ ಪೆನ್ನು ಕೈಗೆ ತೆಗೆದುಕೊಂಡಳು. ಅವಳ ಕಣ್ಣು ಕಾಗದದ ಮೇಲಿರಲಿಲ್ಲ, ಅಪ್ಪನ ಮೇಲಿತ್ತು. ಮಾವ ನೆಲ ನೋಡುತ್ತ ನಿಂತಿದ್ದರು. ಈಗ ಇವಳು ಸಹಿ ಹಾಕಿದರೆ ಜೀವಮಾನವೆಲ್ಲ ಇವಳು ತನ್ನನ್ನೇ ಕ್ಷಮಿಸಿಕೊಳ್ಳುವುದಿಲ್ಲ, ಹಾಕದಿದ್ದರೆ ಇವಳ ಅಪ್ಪ ಬಂದ ಕಾರಿನಲ್ಲೇ ವಾಪಸ್ಸು ಹೋಗುತ್ತಾರೆ.

ಅಷ್ಟು ಹೊತ್ತಿಗೆ ಪೂಜಾರಿ ಹೊರಗೆ ಬಂದು, "ಏನ್ರಪ್ಪಾ ಇದು ಪಂಚಾಯ್ತಿ? ಶಾಸ್ತ್ರ ಅಂದ್ರೆ ಮಗು ಅಲ್ಲಾಡದಂಗೆ ಇಡ್ಕಬೇಕು, ಅಷ್ಟೇಯ. ಗಟ್ಟಿ ಕೈ ಇರೋರು ಯಾರಾರ ಕೂತ್ಕಳಿ, ರಾಹುಕಾಲ ಬತ್ತದೆ" ಎಂದರು. ಅವರಿಗೆ ಬೇರೆ ಕಡೆಯೂ ಪೂಜೆ ಇತ್ತು.

ನಾನು ಧನ್ಯಾಳನ್ನು ಎತ್ತಿಕೊಂಡು ಹೋಗಿ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ತೊಡೆಯ ಮೇಲೆ ಅವಳನ್ನು ಕೂರಿಸಿಕೊಂಡೆ. ಕೆಳಗಿನಿಂದ ಅಪ್ಪನ ದನಿ ಬಂತು.

"ಲೇ ಸತೀಸಾ! ನಿಮ್ಮಪ್ಪ ಇಲ್ಲೇ ನಿಂತವ್ನೆ ಕಣ್ಲಾ!"

"ಗೊತ್ತು ಕಣಪ್ಪ. ನೋಡ್ಲಿ ಅಂತ್ಲೇ ಕೂತಿರೋದು."

ಇಷ್ಟು ವರ್ಷದಲ್ಲಿ ಅಪ್ಪನಿಗೆ ನಾನು ಎದುರು ಮಾತಾಡಿದ್ದು ಬೇಕಾದಷ್ಟಿದೆ. ಆದರೆ ಐವತ್ತು ಜನರ ಮುಂದೆ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದು ಅದೇ ಮೊದಲು. ಸುಧಾ ನನ್ನನ್ನು ನೋಡಿದಳು. ಪೆನ್ನಿನ ಕ್ಯಾಪು ಮುಚ್ಚಿ ತಮ್ಮನ ಮೇಲು ಜೇಬಿಗೆ ತಾನೇ ಸಿಕ್ಕಿಸಿದಳು. "ಓಲೆ ಕೊಡೋ ಆಸೆ ಇದ್ರೆ ಕೊಡು, ಸೈನ್ ಇಲ್ಲ" ಎಂದಳು.

ಲೋಕೇಶ ಡಬ್ಬಿ ಮುಚ್ಚಿದ. "ಆಯ್ತು. ಇವತ್ತಿಗೆ ನಿಂಗೆ ತವ್ರಿಲ್ಲ" ಎಂದು ದಡದಡ ಮೆಟ್ಟಿಲು ಇಳಿದು, ಕಾರಿನ ಬಾಗಿಲು ತೆರೆದು, "ಅಪ್ಪಾ, ನಡಿ" ಎಂದು ಕೂಗಿದ.

ಮಾವ ಕದಲಲಿಲ್ಲ. "ನೀನ್ ಓಗಪ್ಪ, ನಾನು ಬಸ್ಸಿಗೆ ಬತ್ತೀನಿ" ಎಂದರು. 

ಆಚಾರಿ ತಂತಿ ಎತ್ತಿದರು. ಧನ್ಯಾಳ ಬಾಯಿಗೆ ಯಾರೋ ಬೆಲ್ಲ ತುರುಕಿದರು, ಅವಳು ಅದನ್ನು ಉಗಿದು, ನನ್ನ ಮಣಿಕಟ್ಟನ್ನು ಹಲ್ಲು ಮೂಡುವಂತೆ ಕಚ್ಚಿ ಹಿಡಿದಳು. ಕಾಲು ಝಾಡಿಸಿ ಒದೆಯುತ್ತಿದ್ದಳು. ಒಂದು ಒದೆತ ಆಚಾರಿಯ ತುಪ್ಪದ ಬಟ್ಟಲಿಗೆ ಬಿತ್ತು. "ಕಾಲು ಇಡ್ಕಳಿ ಯಾರಾರ!" ಎಂದು ಅವರು ಕೂಗಿದಾಗ ಎರಡು ಒರಟು ಕೈಗಳು ಬಂದು ಅವಳ ಪಾದ ಹಿಡಿದವು. ತಲೆ ಎತ್ತಿ ನೋಡಿದರೆ ಮಾವ. ಮಂಡಿಯೂರಿ ನನ್ನ ಎದುರಿಗೇ ಕೂತಿದ್ದರು. "ಆಯ್ತು ಕಣವ್ವಾ, ಆಯ್ತು ಕಣವ್ವಾ" ಎನ್ನುತ್ತಿದ್ದರು. ಮೊಮ್ಮಗಳನ್ನು ಅವರು ಮುಟ್ಟಿದ್ದು ದಾವೆ ಹಾಕಿದ ಮೇಲೆ ಅದೇ ಮೊದಲು. ಎರಡನೇ ಕಿವಿ ಚುಚ್ಚುವಾಗ ನನಗೂ ಅಳು ಬಂತು, ಕಚ್ಚಿದ ನೋವಿಗೆ ಎಂದು ಎಲ್ಲರಿಗೂ ಹೇಳಿದೆ. ಸುಧಾ ತನ್ನ ಕಿವಿಯ ಹಳೇ ಓಲೆ ಬಿಚ್ಚಿ ಒರೆಸಿ, ಮಗುವಿಗೆ ಹಾಕಲು ಆಚಾರಿಗೆ ಕೊಟ್ಟಳು.

ಊಟದ ಪಂಕ್ತಿಯಲ್ಲಿ ಮಾವ ಕೊನೆಯಲ್ಲಿ ಕೂತರು. ಪಾಯಸ ಎರಡು ಸಲ ಹಾಕಿಸಿಕೊಂಡರು. ಎದ್ದು ಕೈ ತೊಳೆಯಲು ಗುಡಿಯ ಹಿಂದಿನ ತೊಟ್ಟಿಗೆ ಹೋದಾಗ ಸುಧಾ ಚೊಂಬು ಹಿಡಿದು ಹಿಂದೆಯೇ ಹೋದಳು. ಬಸ್ಸಿನ ಹೊತ್ತು ಹೇಳೋಣವೆಂದು ನಾನೂ ಹೋದೆ. ಅವಳು ನೀರು ಹಾಕುತ್ತಿದ್ದಳು, ಅವರು ಕೈ ತೊಳೆಯುತ್ತಲೇ ಇದ್ದರು. ಕೈ ಯಾವಾಗಲೋ ಚೊಕ್ಕಟವಾಗಿತ್ತು.

"ಅಪ್ಪಾ, ನಿನ್ ಮೇಲೆ ಕೇಸ್ ಹಾಕ್ದೆ" ಎಂದಳು ಸುಧಾ.

ಮಾವ ಟವೆಲಿನಿಂದ ಕೈ ಒರೆಸಿಕೊಂಡರು. ಅತ್ತಿತ್ತ ನೋಡಿದರು. ನನ್ನನ್ನು ನೋಡಿಯೂ ಪರವಾಗಿಲ್ಲವೆಂಬಂತೆ ಮಗಳ ತಲೆಯ ಮೇಲೆ ಒದ್ದೆ ಕೈ ಇಟ್ಟರು.

"ಮುಂದಿನ ತಾರೀಕಿಗೆ ಕೋರ್ಟಲ್ಲಿ ನಾನು ನಿನ್ನೆದುರೇ ನಿಂತ್ಕತೀನಿ ಕಣವ್ವಾ. ನನ್ ಮಗಳಿಗೆ ಪಾಲಿಲ್ಲ ಅಂತ್ಲೇ ಏಳ್ತೀನಿ. ಆ ಮನೇಲಿ ಉಣ್ಬೇಕಲ್ಲ, ಏನ್ ಮಾಡ್ಲಿ. ನಾನು ಎಷ್ಟೇ ಏಳ್ಲಿ, ನೀನು ಮಾತ್ರ ಬುಡಬ್ಯಾಡ."